ಅಪ್ಪನ ಪಾಸ್‌ವರ್ಡ್ ಪುಸ್ತಕ, ಅತ್ತಿಗೆಯ ಬೊಟ್ಟು: ಯಾವ ಕಳ್ಳನಿಗೆ ಯಾವ ಬೀಗ?

ಓದುಗರ ಪ್ರಶ್ನೆ: "ಸರ್, ನಾವು ಸಾಗರದ ಕಡೆಯ ಹಳ್ಳಿಯವರು. ಅಪ್ಪನಿಗೆ 68 ವರ್ಷ. ಬ್ಯಾಂಕು, ಇಮೇಲು, ಕರೆಂಟ್ ಬಿಲ್ಲು, ಎಲ್ಲದರ ಪಾಸ್‌ವರ್ಡನ್ನೂ ಒಂದು ಹಳೇ ಲೆಕ್ಕದ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನಿಗೆ ಆ ಪುಸ್ತಕ ಕಂಡರೆ ಸಿಟ್ಟು. 'ಇದಕ್ಕಿಂತ ಬಾಗಿಲು ತೆಗೆದಿಟ್ಟು ಮಲಗೋದು ವಾಸಿ' ಅಂತಾನೆ. ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಚಾರ್ಜಿಗೆ ಹಾಕಿದರೆ ಖಾತೆ ಖಾಲಿ ಆಗುತ್ತೆ ಅಂತಲೂ ಬಯ್ತಾನೆ. ಅತ್ತಿಗೆ ಲ್ಯಾಪ್‌ಟಾಪಿನ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದಾರೆ, ಅದನ್ನು ನೋಡಿ ಅಪ್ಪ ನಗ್ತಾರೆ. ಅಪ್ಪ ಊರಲ್ಲೇ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೀತಾರೆ. 'ಬೆರಳು ನನ್ನ ಕೈಯಲ್ಲೇ ಇದೆ, ಇದಕ್ಕಿಂತ ಭದ್ರ ಯಾವುದು' ಅನ್ನೋದು ಅವರ ವಾದ. ಅಡಿಕೆ ಒಣಗಿಸುವ ಅಂಗಳ ಕಾಯಲಿಕ್ಕೆ ಹಳೇ ಮೊಬೈಲನ್ನೇ ಕ್ಯಾಮೆರಾ ಮಾಡಿ ಕಿಟಕಿಗೆ ಕಟ್ಟಿದ್ದೇವೆ. ಹಬ್ಬಕ್ಕೆ ಎಲ್ಲರೂ ಸೇರಿದರೆ ಇದೇ ಚರ್ಚೆ. ಪುಸ್ತಕ ಕಳೆದುಹೋದರೆ ಬೇಕಾಗುತ್ತೆ ಅಂತ ನಾನು ಆ ಪುಟಗಳ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇನೆ. ಇವರಲ್ಲಿ ಯಾರು ಸರಿ, ದಯವಿಟ್ಟು ಬಿಡಿಸಿ ಹೇಳಿ."

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬ್ಯಾಂಕುಗಳ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಕೆಲಸದಲ್ಲಿ ನನಗೆ 20 ವರ್ಷ ದಾಟಿತು. ಅಪ್ಪನ ಪುಸ್ತಕ, ಬಸ್ ಸ್ಟ್ಯಾಂಡಿನ ಚಾರ್ಜರ್, ಅತ್ತಿಗೆಯ ಬೊಟ್ಟು, ಇವು ಯಾವುವೂ ನನ್ನನ್ನು ಅಷ್ಟಾಗಿ ಹೆದರಿಸಲಿಲ್ಲ. ಹೆದರಿಸಿದ್ದು ಎರಡು. ಒಂದು ಅಪ್ಪನ ಹೆಬ್ಬೆಟ್ಟು. ಇನ್ನೊಂದು ನೀವು ಕೊನೆಯಲ್ಲಿ ಹಾಗೇ ಬರೆದುಬಿಟ್ಟ ಫೋಟೊದ ಸಾಲು.

ಮೊದಲು ಆ ಫೋಟೊದ ಕೆಲಸ ಮುಗಿಸಿ, ಆಮೇಲೆ ಮುಂದೆ ಓದಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸಲು ಸುಮಾರು ಎರಡೂವರೆ ದಿನ ಮಾತ್ರ ಅವಕಾಶ ಇರುತ್ತದೆ. ನೀವು ಹಾಕಿ ಅದಕ್ಕಿಂತ ಜಾಸ್ತಿ ದಿನ ಆಗಿದ್ದರೆ ಗ್ರೂಪಿನಲ್ಲಿರುವ ಒಬ್ಬೊಬ್ಬರೂ ತಮ್ಮ ಫೋನಿನಲ್ಲಿ ತಾವೇ ಅಳಿಸಬೇಕು. ಗ್ಯಾಲರಿಗೆ ತಾನಾಗಿ ಇಳಿದ ಪ್ರತಿ ಬೇರೆ ಇರಬಹುದು. ಅಳಿಸಿದ ಮೇಲೂ ಫೋಟೊ ಕಸದ ಬುಟ್ಟಿಯಲ್ಲಿ ಕೆಲವು ವಾರ ಉಳಿದಿರುತ್ತದೆ, ಅಲ್ಲಿಂದಲೂ ತೆಗೆಯಬೇಕು. ಇಷ್ಟೆಲ್ಲ ಮಾಡಿದರೂ ಎಲ್ಲೋ ಒಂದು ಪ್ರತಿ ಉಳಿದಿದೆ ಎಂದೇ ಲೆಕ್ಕ ಹಾಕಿ. ಆ ಪುಟದಲ್ಲಿರುವ ಪಾಸ್‌ವರ್ಡುಗಳನ್ನು ಈ ವಾರವೇ ಬದಲಿಸಿ. ಮೊದಲು ಇಮೇಲಿನದು, ಆಮೇಲೆ ಬ್ಯಾಂಕಿನದು.

ಬೀರುವಿನಲ್ಲಿರುವ ಪುಸ್ತಕಕ್ಕೂ ಗ್ರೂಪಿನಲ್ಲಿರುವ ಫೋಟೊಗೂ ಏನು ವ್ಯತ್ಯಾಸ ಅಂತ ಕೇಳಬಹುದು. ಅದೇ ಇಡೀ ಚರ್ಚೆಯ ಬೇರು. ಪುಸ್ತಕ ಕದಿಯಬೇಕಾದರೆ ಒಬ್ಬ ಮನುಷ್ಯ ನಿಮ್ಮ ಊರಿಗೆ ಬಂದು, ನಾಯಿ ಬೊಗಳುವುದನ್ನು ದಾಟಿ, ಬೀರು ತೆಗೆದು, ಇಂಥ ಪುಸ್ತಕದಲ್ಲೇ ಇದೆ ಎಂದು ಗೊತ್ತಿದ್ದು ಕದಿಯಬೇಕು. ಫೋಟೊ ಕದಿಯಲು ಗ್ರೂಪಿನಲ್ಲಿರುವ ಯಾರಾದರೂ ಒಬ್ಬರ ಫೋನ್ ಕೈಗೆ ಸಿಕ್ಕರೆ ಸಾಕು. ಆ ಕಳ್ಳ ನಿಮ್ಮ ಜಿಲ್ಲೆಯನ್ನೇ ನೋಡಿರಬೇಕಾಗಿಲ್ಲ.

ನಮ್ಮ ಕೆಲಸದಲ್ಲಿ ಬೀಗ ಎಷ್ಟು ಗಟ್ಟಿ ಅಂತ ನೋಡುವುದಕ್ಕೆ ಮೊದಲು, ಕಳ್ಳ ಯಾರು, ಎಲ್ಲಿಂದ ಬರುತ್ತಾನೆ, ಅವನಿಗೆ ಏನು ಬೇಕು ಅಂತ ಕೇಳುತ್ತೇವೆ. ಅಣ್ಣನ ಮನಸ್ಸಿನಲ್ಲಿ ಇರುವುದು ಆಫೀಸಿನ ಕಳ್ಳ. ಅಲ್ಲಿ ಮೇಜಿನ ಮೇಲೆ ಚೀಟಿ ಬಿಟ್ಟರೆ ದಿನಕ್ಕೆ ನೂರು ಜನ ಅದನ್ನು ದಾಟಿ ಹೋಗುತ್ತಾರೆ. ಅಪ್ಪನ ಮನಸ್ಸಿನಲ್ಲಿ ಇರುವುದು ಊರಿನ ಕಳ್ಳ. ಇಬ್ಬರೂ ಬೇರೆ ಬೇರೆ ಕಳ್ಳನ ಬಗ್ಗೆ ಮಾತಾಡುತ್ತಿದ್ದಾರೆ. ಅದಕ್ಕೇ ಈ ಮಾತು ಹಬ್ಬದಿಂದ ಹಬ್ಬಕ್ಕೆ ಮುಂದುವರಿಯುತ್ತಿದೆ.

ಈಗ ಪುಸ್ತಕಕ್ಕೆ ಬರೋಣ. ಪಾಸ್‌ವರ್ಡನ್ನು ಎಲ್ಲೂ ಬರೆಯಬಾರದು, ತಲೆಯಲ್ಲೇ ಇಟ್ಟುಕೊಳ್ಳಬೇಕು ಎಂಬ ಮಾತನ್ನು ನಾವೆಲ್ಲ ಕೇಳಿಕೊಂಡೇ ಬಂದಿದ್ದೇವೆ. ತಲೆಯಲ್ಲಿ ಎಷ್ಟು ಹಿಡಿಸುತ್ತದೆ? ಎರಡೋ ಮೂರೋ. ಖಾತೆಗಳು ಇಪ್ಪತ್ತು. ಆಗ ಜನ ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಹಾಕುತ್ತಾರೆ, ಅದೂ ಸುಲಭದ್ದನ್ನೇ. 2009ರ ಡಿಸೆಂಬರಿನಲ್ಲಿ ರಾಕ್‌ಯೂ ಎಂಬ ಅಮೆರಿಕದ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡುಗಳು ಸೋರಿಹೋದವು. ಆ ಕಂಪನಿ ಅವನ್ನು ಇದ್ದ ಹಾಗೇ, ಏನೂ ಗೂಢಲಿಪಿ ಇಲ್ಲದೆ ಇಟ್ಟಿತ್ತು. ಅದರಲ್ಲಿ ಸುಮಾರು 2.9 ಲಕ್ಷ ಜನರ ಪಾಸ್‌ವರ್ಡ್ 123456. ಇವತ್ತಿಗೂ ಕಳ್ಳರು ಇಂಥ ಸೋರಿದ ಪಟ್ಟಿಗಳನ್ನೇ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಒಂದು ಅಂಗಡಿಯ ಸೈಟಿನಿಂದ ನಿಮ್ಮ ಇಮೇಲ್ ಮತ್ತು ಪಾಸ್‌ವರ್ಡ್ ಸೋರಿದರೆ, ಅದೇ ಜೋಡಿಯನ್ನು ಇಮೇಲಿಗೆ, ಫೇಸ್‌ಬುಕ್ಕಿಗೆ, ಬ್ಯಾಂಕಿಗೆ ಹಾಕಿ ನೋಡುತ್ತಾರೆ. ಕೂತು ಟೈಪ್ ಮಾಡುವುದಿಲ್ಲ. ಯಂತ್ರಕ್ಕೆ ಹಚ್ಚಿಬಿಡುತ್ತಾರೆ. ಲಕ್ಷ ಮನೆಯ ಬಾಗಿಲಿಗೆ ಒಂದೇ ಕೀಲಿ ಹಾಕಿ ನೋಡಿದ ಹಾಗೆ.

ಈ ಕಳ್ಳನ ಎದುರು ಅಪ್ಪನ ಪುಸ್ತಕ ಒಳ್ಳೆಯ ಬೀಗ. ಬರೆದಿಡುವ ಕಾರಣಕ್ಕೇ ಅವರು ಪ್ರತಿ ಖಾತೆಗೂ ಬೇರೆ ಬೇರೆ, ಉದ್ದದ ಪಾಸ್‌ವರ್ಡ್ ಇಡಬಹುದು. ಅಮೆರಿಕದ ಹೆಸರಾಂತ ಭದ್ರತಾ ತಜ್ಞ ಬ್ರೂಸ್ ಶ್ನಾಯರ್ 2005ರಲ್ಲೇ ಇದನ್ನು ಹೇಳಿದ್ದರು: ಗಟ್ಟಿ ಪಾಸ್‌ವರ್ಡ್ ಮಾಡಿ, ಚೀಟಿಯಲ್ಲಿ ಬರೆದು, ದುಡ್ಡಿನ ಜೊತೆ ಪರ್ಸಿನಲ್ಲಿಟ್ಟುಕೊಳ್ಳಿ. ಬೆಲೆಬಾಳುವ ಕಾಗದವನ್ನು ಜೋಪಾನ ಮಾಡುವುದು ನಮಗೆ ಹೊಸದಲ್ಲ. ಪಹಣಿ, ಬಾಂಡು, ಚಿನ್ನದ ರಸೀದಿ ಇವನ್ನೆಲ್ಲ ಇಟ್ಟುಕೊಂಡೇ ಬಂದಿದ್ದೇವೆ ಅಲ್ವಾ?

ಅಣ್ಣನ ಪರವಾಗಿಯೂ ಒಂದು ಮಾತು. ಮೂರು ತಿಂಗಳಿಗೊಮ್ಮೆ ಬದಲಿಸು, ದೊಡ್ಡಕ್ಷರ ಹಾಕು, ಚಿಹ್ನೆ ಹಾಕು ಎಂಬ ನಿಯಮಗಳಲ್ಲೇ ಅವರು ಕೆಲಸ ಕಲಿತಿರುತ್ತಾರೆ. ಅಮೆರಿಕ ಸರ್ಕಾರದ ಎನ್‌ಐಎಸ್‌ಟಿ ಎಂಬ ಮಾನದಂಡ ಸಂಸ್ಥೆಗಾಗಿ ಬಿಲ್ ಬರ್ ಎಂಬುವರು 2003ರಲ್ಲಿ ಬರೆದ ಸಲಹೆಗಳಿಂದ ಈ ನಿಯಮಗಳು ಜಗತ್ತಿಗೆಲ್ಲ ಹರಡಿದವು. 2017ರಲ್ಲಿ ಅದೇ ಸಂಸ್ಥೆ ಇವನ್ನು ಕೈಬಿಟ್ಟಿತು. ಸೋರಿದ ಸುಳಿವು ಇದ್ದರೆ ಮಾತ್ರ ಬದಲಿಸಿ, ಸುಮ್ನೆ ಅವಧಿ ಹಾಕಿ ಬದಲಿಸಬೇಡಿ ಎಂದಿತು. ಆ ವರ್ಷವೇ ಬರ್ ಅವರೂ ತಾವು ಬರೆದದ್ದಕ್ಕೆ ವಿಷಾದಪಟ್ಟರು. ಪದೇ ಪದೇ ಬದಲಿಸು ಎಂದರೆ ಜನ ಕೊನೆಯ 1 ಅನ್ನು 2 ಮಾಡುತ್ತಾರೆ. ಕಳ್ಳರಿಗೂ ಅದು ಗೊತ್ತು. ಹಳೇ ನಿಯಮವನ್ನೇ ಈಗಲೂ ಹಿಡಿದಿರುವ ಕಚೇರಿಗಳು ಬೇಕಾದಷ್ಟಿವೆ. ಅಣ್ಣನದು ತಪ್ಪಲ್ಲ.

ಪುಸ್ತಕಕ್ಕೆ ನಿಜವಾದ ಅಪಾಯ ಬೇರೆ ಕಡೆ ಇದೆ. ಮನೆಗೆ ಬಂದವರು, ಕೆಲಸಕ್ಕೆ ಬಂದವರು, ನೆಂಟರು. ಹೇಳಲು ಬೇಸರವಾಗುತ್ತದೆ, ಆದರೆ ಹಿರಿಯರ ಖಾತೆಯಿಂದ ದುಡ್ಡು ಹೋದ ಎಷ್ಟೋ ದೂರುಗಳನ್ನು ಬಿಡಿಸುತ್ತಾ ಹೋದಾಗ ಕೊನೆಗೆ ಸಿಕ್ಕಿದ್ದು ಮನೆಯ ಒಳಗಿನ ಕೈ. ಅದಕ್ಕೆ ಒಂದು ಸರಳ ಉಪಾಯ ಇದೆ. ಪುಸ್ತಕದಲ್ಲಿ ಇಡೀ ಪಾಸ್‌ವರ್ಡ್ ಬರೆಯಬೇಡಿ. ಪ್ರತಿಯೊಂದರ ಕೊನೆಗೂ ನಾಲ್ಕೈದು ಅಕ್ಷರದ ಒಂದು ಬಾಲ ಇರಲಿ, ಅದು ಅಪ್ಪನ ಮನಸ್ಸಿನಲ್ಲಿ ಮಾತ್ರ ಇರಲಿ. ಪುಸ್ತಕ ಯಾರ ಕೈಗೆ ಸಿಕ್ಕರೂ ಅರ್ಧ ಕೀಲಿಯಷ್ಟೇ ಸಿಗುತ್ತದೆ. ಅಪ್ಪನಿಗೆ ಹುಷಾರಿಲ್ಲದೆ ಹೋದರೆ ಬಾಲ ಯಾರಿಗೂ ಗೊತ್ತಿರುವುದಿಲ್ಲ ಎಂಬುದು ಇದರ ತೊಂದರೆ. ಹಾಗಾಗಿ ಅಮ್ಮನಿಗೆ, ಇಲ್ಲವೇ ಅವರು ಪೂರ್ತಿ ನಂಬುವ ಒಬ್ಬರಿಗೆ ಬಾಯಲ್ಲಿ ಹೇಳಿರಲಿ. ಎಟಿಎಂ ಪಿನ್ ಮತ್ತು ಯುಪಿಐ ಪಿನ್ ಮಾತ್ರ ಆ ಪುಸ್ತಕದಲ್ಲಿ ಬೇಡ. ಗ್ರಾಹಕರ ಅಜಾಗರೂಕತೆಯಿಂದ ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ ಎಂದು ಆರ್‌ಬಿಐ 2017ರ ಜುಲೈ ಸುತ್ತೋಲೆಯಲ್ಲಿ ಹೇಳಿದೆ. ಕಾರ್ಡಿನ ಹತ್ತಿರ ಪಿನ್ ಬರೆದಿಟ್ಟಿದ್ದರೆ ಆ ವಾದದಲ್ಲಿ ನೀವು ಗೆಲ್ಲುವುದು ಕಷ್ಟ.

ಬರೇ 4 ಅಂಕಿಯ ಪಿನ್ ಹೇಗೆ ಭದ್ರ ಅಂತ ತುಂಬ ಜನ ಕೇಳುತ್ತಾರೆ. 4 ಅಂಕಿಯಲ್ಲಿ ಒಟ್ಟು 10,000 ಪಿನ್ ಸಾಧ್ಯ. ಯಂತ್ರಕ್ಕೆ ಬಿಟ್ಟರೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಎಟಿಎಂನಲ್ಲಿ ಕೆಲವು ಸಲ ತಪ್ಪಿದರೆ ಕಾರ್ಡ್ ತಡೆಹಿಡಿಯುತ್ತಾರೆ. ಅಷ್ಟರಲ್ಲಿ ಸರಿ ಪಿನ್ ಊಹಿಸಬೇಕು. ಭದ್ರತೆ ಇರುವುದು ಆ ತಡೆಯಲ್ಲಿ. ಹುಟ್ಟಿದ ವರ್ಷ ಇಟ್ಟಿದ್ದರೆ ಮಾತ್ರ ಆ ತಡೆಯೂ ಉಪಯೋಗಕ್ಕೆ ಬರುವುದಿಲ್ಲ.

ಹೊಸ ಪಾಸ್‌ವರ್ಡ್ ಹೇಗೆ ಮಾಡುವುದು? ನನಗೆ ಬಹಳ ಇಷ್ಟವಾದ ದಾರಿ ಒಂದಿದೆ. ಆರ್ನಾಲ್ಡ್ ರೈನ್‌ಹೋಲ್ಡ್ ಎಂಬುವರು 1995ರಲ್ಲಿ ಇದನ್ನು ಜನರಿಗೆ ತೋರಿಸಿಕೊಟ್ಟರು. ಲೂಡೊ ಆಟದ ದಾಳವನ್ನು ಐದು ಸಲ ಉರುಳಿಸಿ. ಬಂದ ಐದು ಅಂಕಿಗಳಿಗೆ ಪಟ್ಟಿಯಲ್ಲಿ ಒಂದು ಪದ ಇರುತ್ತದೆ. ಪಟ್ಟಿಯಲ್ಲಿ ಇರುವುದು 7,776 ಪದ, ಆರನ್ನು ಐದು ಸಲ ಗುಣಿಸಿದಷ್ಟು. ಹೀಗೆ ನಾಲ್ಕು ಪದ ಆರಿಸಿದರೆ ಸುಮಾರು 36 ಕೋಟಿ ಕೋಟಿ ಬಗೆಯ ಪಾಸ್‌ವರ್ಡ್ ಸಾಧ್ಯ. ಪಟ್ಟಿ ಕಳ್ಳನ ಕೈಯಲ್ಲೇ ಇದ್ದರೂ ಚಿಂತೆ ಇಲ್ಲ, ದಾಳ ಹೇಗೆ ಬಿತ್ತು ಎಂಬುದು ಅವನಿಗೆ ಗೊತ್ತಿಲ್ಲ. ಪಟ್ಟಿ ಇಲ್ಲದಿದ್ದರೆ ಮನೆಯ ಕನ್ನಡ ನಿಘಂಟನ್ನು ಕಣ್ಣು ಮುಚ್ಚಿ ನಾಲ್ಕು ಕಡೆ ತೆರೆದು ಬೆರಳಿಟ್ಟಲ್ಲಿ ಬಂದ ಪದ ತೆಗೆದುಕೊಂಡರೂ ನಡೆಯುತ್ತದೆ. ಗುದ್ದಲಿ, ಮೊಸರು, ಪಲ್ಲಕ್ಕಿ, ಸುಣ್ಣ. ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಟೈಪ್ ಮಾಡಿ. (ಈ ನಾಲ್ಕು ಪದ ಬೇಡ, ಈಗ ಎಲ್ಲರೂ ಓದಿಬಿಟ್ಟರು.) ಅಪ್ಪನ ವಯಸ್ಸಿನವರಿಗೂ ಇದು ನೆನಪಿರುತ್ತದೆ, ತಪ್ಪಿಲ್ಲದೆ ಟೈಪ್ ಆಗುತ್ತದೆ. ಗಾದೆ ಬೇಡ, ಹಾಡಿನ ಸಾಲು ಬೇಡ, ಮೊಮ್ಮಕ್ಕಳ ಹೆಸರು ಬೇಡ. ಪದಗಳನ್ನು ನೀವು ಆರಿಸಬಾರದು, ದಾಳವೇ ಆರಿಸಬೇಕು. ಕೆಲವು ಬ್ಯಾಂಕ್ ಸೈಟುಗಳು ಇಷ್ಟು ಉದ್ದದ್ದನ್ನು ತೆಗೆದುಕೊಳ್ಳುವುದಿಲ್ಲ. ಅಲ್ಲಿ ಅವರು ಹೇಳಿದ ಹಾಗೆ ಮಾಡಿ, ಪುಸ್ತಕದಲ್ಲಿ ಬರೆಯಿರಿ. ಇಮೇಲಿಗಂತೂ ಖಂಡಿತ ಈ ದಾರಿ ಹಿಡಿಯಿರಿ. ಬೇರೆ ಖಾತೆಗಳ ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಇಮೇಲಿಗೇ ತಾನೆ? ಅದು ಕಳ್ಳನ ಕೈಗೆ ಹೋದರೆ ಕೀಲಿಗೊಂಚಲೇ ಹೋದ ಹಾಗೆ.

ಅಣ್ಣ ಫೋನಿನ ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡುಗಳನ್ನು ನೆನಪಿಟ್ಟು ತಾನೇ ತುಂಬುವ ಆ್ಯಪ್) ಹಾಕಿಕೊಡುತ್ತೇನೆ ಎಂದರೆ ಬೇಡ ಎನ್ನಬೇಡಿ. ಅದಕ್ಕೊಂದು ದೊಡ್ಡ ಗುಣ ಇದೆ. ನಕಲಿ ಬ್ಯಾಂಕ್ ಸೈಟು ಕಣ್ಣಿಗೆ ಅಸಲಿಯ ಹಾಗೇ ಕಾಣಬಹುದು, ಆದರೆ ವಿಳಾಸ ಬೇರೆ ಇರುವುದರಿಂದ ಮ್ಯಾನೇಜರ್ ಅಲ್ಲಿ ಪಾಸ್‌ವರ್ಡ್ ತುಂಬುವುದಿಲ್ಲ. ಪುಸ್ತಕಕ್ಕೆ ಈ ಶಕ್ತಿ ಇಲ್ಲ. ಆದರೆ ಅಪ್ಪ ಅದನ್ನು ಬಳಸಲಾಗದೆ ಕೈಬಿಟ್ಟು ಮತ್ತೆ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಡುವುದಾದರೆ, ಪುಸ್ತಕವೇ ಸಾವಿರ ಪಾಲು ಮೇಲು.

ಇನ್ನು ಹೆಬ್ಬೆಟ್ಟು. ಇಲ್ಲಿ ಅಪ್ಪನ ವಾದವನ್ನು ನಾನು ಒಪ್ಪಲಾರೆ. "ಬೆರಳು ನನ್ನ ಕೈಯಲ್ಲೇ ಇದೆ" ಎನ್ನುವುದು ನಿಜ. ಆದರೆ ಬೆರಳಿನ ಗುರುತು ಅವರ ಕೈಯಲ್ಲಿ ಇಲ್ಲ. ಮುಟ್ಟಿದ ಲೋಟದ ಮೇಲೆ ಇದೆ, ಬಾಗಿಲ ಹಿಡಿಯ ಮೇಲೆ ಇದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರಕ್ಕೆ ಒತ್ತಿದ್ದರೆ ಅಲ್ಲೂ ಇದೆ.

ಇದು ಬರೀ ಊಹೆ ಅಲ್ಲ. ಜಪಾನಿನ ಯೊಕೊಹಾಮಾ ನ್ಯಾಷನಲ್ ಯೂನಿವರ್ಸಿಟಿಯ ಟ್ಸುಟೊಮು ಮಾತ್ಸುಮೊಟೊ 2002ರಲ್ಲಿ ಜೆಲಾಟಿನ್‌ನಿಂದ ಬೆರಳು ಮಾಡಿದರು. ಮಿಠಾಯಿಗೆ ಹಾಕುತ್ತಾರಲ್ಲ, ಅದೇ ಜೆಲಾಟಿನ್. ಗಾಜಿನ ಮೇಲೆ ಉಳಿದ ಗುರುತಿನಿಂದಲೂ ಬೆರಳು ಮಾಡಬಹುದು ಎಂದು ತೋರಿಸಿದರು. ಅವರು ಪರೀಕ್ಷಿಸಿದ 11 ಬಗೆಯ ಯಂತ್ರಗಳೂ ಮೋಸಹೋದವು. 2008ರಲ್ಲಿ ಜರ್ಮನಿಯ ಹ್ಯಾಕರ್‌ಗಳ ಸಂಘವಾದ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು ತಮ್ಮ ದೇಶದ ಗೃಹಸಚಿವರು ನೀರು ಕುಡಿದ ಲೋಟದಿಂದ ಬೆರಳಚ್ಚು ಎತ್ತಿ ಪತ್ರಿಕೆಯಲ್ಲೇ ಹಾಕಿಬಿಟ್ಟರು. 2013ರಲ್ಲಿ ಬೆರಳಿನಿಂದ ತೆರೆಯುವ ಮೊದಲ ಐಫೋನ್ ಬಂದ ಕೆಲವೇ ದಿನಗಳಲ್ಲಿ ಅದೇ ಕ್ಲಬ್ಬಿನವರು ಅದನ್ನೂ ತೆರೆದು ತೋರಿಸಿದರು.

ಇವೆಲ್ಲ ದೂರದ ಕತೆ ಅಂದುಕೊಳ್ಳಬೇಡಿ. 2018ರಲ್ಲಿ ತೆಲಂಗಾಣದಲ್ಲಿ ಒಬ್ಬಾತ ಜಮೀನು ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳನ್ನು ಇಳಿಸಿಕೊಂಡ. ರಬ್ಬರ್ ಸ್ಟ್ಯಾಂಪ್ ಮಾಡುವ ಯಂತ್ರದಲ್ಲಿ ಅವುಗಳ ಅಚ್ಚು ತೆಗೆದು, ಸಾವಿರಾರು ಸಿಮ್ ಚಾಲೂ ಮಾಡಿಸಿದ. ರಬ್ಬರ್ ಸ್ಟ್ಯಾಂಪ್ ಅಂಗಡಿ ನಿಮ್ಮ ಪೇಟೆಯಲ್ಲೂ ಇದೆ. 2023ರಲ್ಲಿ ನಮ್ಮ ರಾಜ್ಯದಲ್ಲೂ ಇಂಥ ದೂರು ಬಂದವು. ಆಸ್ತಿ ನೋಂದಣಿ ಮಾಡಿಸಿದ ಕೆಲವು ದಿನಗಳಲ್ಲೇ ಜನರ ಖಾತೆಯಿಂದ ದುಡ್ಡು ಹೋಯಿತು. ಒಟಿಪಿ ಬಂದಿರಲಿಲ್ಲ, ಯಾರೂ ಫೋನ್ ಮಾಡಿರಲಿಲ್ಲ. ನೋಂದಣಿ ಪತ್ರದ ಪ್ರತಿಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಎತ್ತಿಕೊಂಡು ಆಧಾರ್ ಪಾವತಿಯ ಮೂಲಕ ತೆಗೆದಿದ್ದರು.

ಯಾಕೆ ಇಷ್ಟು ಸುಲಭ? ಅಪ್ಪ ಊರಿನಲ್ಲಿ ದುಡ್ಡು ತೆಗೆಯುವ ವ್ಯವಸ್ಥೆಗೆ ಬೇಕಿರುವುದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಪಿನ್ ಇಲ್ಲ, ಒಟಿಪಿ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಓದು ಬಾರದವರಿಗೂ, ಬ್ಯಾಂಕ್ ದೂರ ಇರುವ ಊರುಗಳಿಗೂ ದುಡ್ಡು ತಲುಪಲಿ ಎಂದು ಮಾಡಿದ ವ್ಯವಸ್ಥೆ ಇದು. ಅದರಿಂದ ಲಕ್ಷಾಂತರ ಜನರ ಬಸ್ ಚಾರ್ಜು ಉಳಿದಿದೆ, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಒತ್ತಿದ್ದು ಜೀವಂತ ಬೆರಳೋ ಅಲ್ಲವೋ ಎಂದು ನೋಡುವ ತಪಾಸಣೆಯನ್ನು ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ 2023ರಲ್ಲಿ ಬಿಗಿ ಮಾಡಿತು. ಆದರೂ ಮೂಲದ ಕೊರತೆ ಹಾಗೇ ಇದೆ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಬೆರಳನ್ನು ಬದಲಿಸಲು ಆಗುವುದಿಲ್ಲ.

ಇದಕ್ಕೆ ಬಯೋಮೆಟ್ರಿಕ್ ಲಾಕ್ ಇದೆ, ಅಂದರೆ ಆಧಾರಿನಲ್ಲಿರುವ ಬೆರಳಚ್ಚಿಗೇ ಹಾಕುವ ಬೀಗ. ಆಧಾರ್ ಆ್ಯಪ್‌ನಲ್ಲೋ ಯುಐಡಿಎಐ ಜಾಲತಾಣದಲ್ಲೋ ಹಾಕಬಹುದು. ಅಪ್ಪನ ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಣೆ ಆಗಿರಬೇಕು, ಅಷ್ಟೆ. ಲಾಕ್ ಹಾಕಿದ ಮೇಲೆ ಅಸಲಿ ಬೆರಳೂ ನಡೆಯುವುದಿಲ್ಲ, ರಬ್ಬರ್ ಬೆರಳೂ ನಡೆಯುವುದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆಯಬಹುದು, ಆಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ತೊಂದರೆ ಏನೆಂದರೆ ನ್ಯಾಯಬೆಲೆ ಅಂಗಡಿಯಲ್ಲಿ, ಹೊಸ ಸಿಮ್ ತೆಗೆದುಕೊಳ್ಳುವಾಗ, ಪಿಂಚಣಿಯ ಜೀವಂತ ಪ್ರಮಾಣಪತ್ರ ಮಾಡಿಸುವಾಗ ತೆರೆಯಲು ಮರೆತರೆ ಬೆರಳು ಹೊಂದುತ್ತಿಲ್ಲ ಎಂದು ವಾಪಸ್ ಕಳಿಸುತ್ತಾರೆ. ಅಪ್ಪ ತಿಂಗಳಿಗೊಮ್ಮೆ ಮಾತ್ರ ದುಡ್ಡು ತೆಗೆಯುವುದಾದರೆ ಲಾಕ್ ಹಾಕುವುದೇ ಸರಿ ಎನ್ನುತ್ತೇನೆ. ಅದು ರಗಳೆ ಅನ್ನಿಸಿದರೆ ಇನ್ನೊಂದು ದಾರಿ: ಹೆಬ್ಬೆಟ್ಟಿನಿಂದ ದುಡ್ಡು ಬರುವ ಖಾತೆಯಲ್ಲಿ ಜಾಸ್ತಿ ಹಣ ಬಿಡಬೇಡಿ. ಅಡಿಕೆ ಮಾರಿದ ದುಡ್ಡು ಬಂದ ಕೂಡಲೇ ಎಫ್‌ಡಿಗೆ ಹಾಕಿ.

ದುಡ್ಡು ತೆಗೆಯುವ ಕಡೆ ಗಮನಿಸಬೇಕಾದ ಇನ್ನೊಂದು ವಿಷಯ ಇದೆ. "ಸರ್ವರ್ ಬರ್ತಿಲ್ಲ, ಇನ್ನೊಂದ್ಸಲ ಒತ್ತಿ" ಎಂದು ಎರಡೆರಡು ಸಲ ಒತ್ತಿಸಿಕೊಂಡು ಎರಡೂ ಸಲ ಹಣ ಎತ್ತಿದ ಉದಾಹರಣೆಗಳು ಇವೆ. ಹೆಚ್ಚಿನ ಏಜೆಂಟರು ಪ್ರಾಮಾಣಿಕರು, ಸರ್ವರ್ ಕೈಕೊಡುವುದೂ ನಿಜ. ಆದರೂ ಪ್ರತಿ ಸಲ ಚೀಟಿ ಕೇಳಬೇಕು. ವಿಫಲ ಆದದ್ದಕ್ಕೂ ಚೀಟಿ ಬರುತ್ತದೆ. ಅಪ್ಪ ಲೆಕ್ಕದ ಪುಸ್ತಕ ಇಡುವವರು, ಅವರಿಗೆ ಇದು ಭಾರ ಆಗುವುದಿಲ್ಲ. ತಾರೀಖು ಹಾಕಿ ಬರೆದಿಡಲಿ.

ಬಸ್ ಸ್ಟ್ಯಾಂಡಿನ ಚಾರ್ಜರ್ ಬಗ್ಗೆ ಅಣ್ಣ ಹೇಳಿದ್ದರಲ್ಲಿ ತಾಂತ್ರಿಕವಾಗಿ ಹುರುಳಿದೆ. ಯುಎಸ್‌ಬಿ ತಂತಿಯಲ್ಲಿ ಕರೆಂಟೂ ಹರಿಯುತ್ತದೆ, ಮಾಹಿತಿಯೂ ಹರಿಯುತ್ತದೆ. 2011ರಲ್ಲಿ ಅಮೆರಿಕದ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮಾವೇಶದಲ್ಲಿ ಇಂಥ ಚಾರ್ಜಿಂಗ್ ಪೆಟ್ಟಿಗೆ ಇಟ್ಟು ಜನರಿಗೆ ಎಚ್ಚರಿಕೆ ಕೊಟ್ಟಿದ್ದರು. ನಮ್ಮ ಆರ್‌ಬಿಐ ಕೂಡ 2022ರ ಕೈಪಿಡಿಯಲ್ಲಿ ಇದನ್ನು ಹೇಳಿದೆ. ಆದರೆ ಹೀಗೆ ನಿಜವಾಗಿ ಯಾರದೋ ಖಾತೆ ಖಾಲಿಯಾದ ಪ್ರಕರಣ ನನ್ನ ಕೈಗೆ ಒಂದೂ ಬಂದಿಲ್ಲ. ಖಚಿತವಾದ ಪ್ರಕರಣ ತಮ್ಮ ಗಮನಕ್ಕೆ ಬಂದಿಲ್ಲ ಎಂದು ಅಮೆರಿಕದ ದೂರಸಂಪರ್ಕ ಆಯೋಗವೂ ಹೇಳಿದೆ. ಈಗಿನ ಫೋನುಗಳು ಮಾಹಿತಿ ಕೊಡುವ ಮೊದಲು ನಿಮ್ಮನ್ನು ಕೇಳುತ್ತವೆ. ಆ ಪ್ರಶ್ನೆಗೆ ಚಾರ್ಜರೇ ಉತ್ತರ ಕೊಟ್ಟುಬಿಡುವ ಉಪಾಯವನ್ನು 2025ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಹಿಡಿದರು. ಆಪಲ್, ಗೂಗಲ್ ಅದಕ್ಕೆ ತೇಪೆ ಹಾಕಿದವು. ಅಂದರೆ ಫೋನ್ ಅಪ್‌ಡೇಟ್ ಮಾಡಿರಬೇಕು, ಅಷ್ಟೆ. ಸ್ವಂತ ಚಾರ್ಜರನ್ನು ಮಾಮೂಲಿ ಪ್ಲಗ್ಗಿಗೆ ಹಾಕಿದರೆ ಈ ಚಿಂತೆಯೇ ಇಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಜನ ನಿಜವಾಗಿ ಕಳೆದುಕೊಳ್ಳುವುದು ಚಾರ್ಜಿಗೆ ಇಟ್ಟ ಫೋನನ್ನೇ. ಕಳ್ಳ ಅದರ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಎಲ್ಲ ಒಟಿಪಿಯೂ ಅವನಿಗೆ ಬರುತ್ತದೆ. ನಿಮ್ಮ ಫೋನಿನ ಪರದೆಗೆ ಎಂಥ ಲಾಕ್ ಇದ್ದರೂ ಇದನ್ನು ತಡೆಯುವುದಿಲ್ಲ. ತಡೆಯುವುದು ಸಿಮ್ ಪಿನ್. ಸೆಟ್ಟಿಂಗ್ಸಿನಲ್ಲಿ ಸಿಮ್ ಲಾಕ್ ಎಂದು ಇರುತ್ತದೆ. ಕಂಪನಿ ಮೊದಲೇ ಇಟ್ಟಿರುವ ಪಿನ್ ಯಾವುದೆಂದು ಅವರನ್ನೇ ಕೇಳಿ ತಿಳಿದು, ನಿಮ್ಮದಕ್ಕೆ ಬದಲಿಸಿ. ಊಹಿಸಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್ ಬೀಗ ಬಿದ್ದು ಆ ಬೀಗ ತೆರೆಯುವ ಪಿಯುಕೆ ಸಂಖ್ಯೆ ಕೇಳುತ್ತದೆ. ಹೊತ್ತು ಹಿಡಿಯುವ ಕೆಲಸ ಏನಲ್ಲ, ಆದರೆ ಮಾಡಿದವರು ಬಹಳ ಕಡಿಮೆ.

ಅತ್ತಿಗೆಯ ಬೊಟ್ಟು ಸರಿಯಾಗಿಯೇ ಇದೆ. ಫೇಸ್‌ಬುಕ್ಕಿನ ಮಾರ್ಕ್ ಜುಕರ್‌ಬರ್ಗ್ ಅವರ ಲ್ಯಾಪ್‌ಟಾಪಿನ ಮೇಲೂ ಟೇಪು ಅಂಟಿಸಿದ್ದು 2016ರ ಒಂದು ಚಿತ್ರದಲ್ಲಿ ಕಂಡಿತ್ತು. ಹಳೇ ಮ್ಯಾಕ್‌ಬುಕ್‌ಗಳಲ್ಲಿ ದೀಪ ಹೊತ್ತದೆಯೂ ಕ್ಯಾಮೆರಾ ಚಾಲೂ ಆಗಬಹುದು ಎಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದಾರೆ. ದಪ್ಪ ಮುಚ್ಚಳ ಹಾಕಿ ಲ್ಯಾಪ್‌ಟಾಪ್ ಮಡಚಿದರೆ ಪರದೆ ಒಡೆಯಬಹುದು, ತೆಳ್ಳಗಿನ ಬೊಟ್ಟಿಗೆ ಆ ಭಯ ಇಲ್ಲ. ಬೊಟ್ಟು ಮಾತನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ, ಮೈಕು ತೆರೆದೇ ಇರುತ್ತದೆ.

ಅಡಿಕೆ ಕಾಯುವ ಮೊಬೈಲ್ ನನಗೆ ಖುಷಿ ಕೊಟ್ಟಿತು. ಹಳೇ ವಸ್ತುವಿಗೆ ಹೊಸ ಕೆಲಸ ಕೊಡುವುದು ನಮ್ಮ ಮನೆಗಳಲ್ಲಿ ಮೊದಲಿನಿಂದ ಇದೆ. ಆದರೆ ಆ ಫೋನಿಗೆ ಕಂಪನಿಯಿಂದ ಅಪ್‌ಡೇಟ್ ನಿಂತು ವರ್ಷಗಳಾಗಿರುತ್ತದೆ. ಅದರಲ್ಲಿ ಅಪ್ಪನ ಇಮೇಲ್, ಫೋಟೊ, ಬ್ಯಾಂಕ್ ಆ್ಯಪ್ ಉಳಿದಿದ್ದರೆ ಅದು ಅಪಾಯ. ಸಿಮ್ ತೆಗೆದು, ಪೂರ್ತಿ ಅಳಿಸಿ, ಕ್ಯಾಮೆರಾಗೆಂದೇ ಒಂದು ಹೊಸ ಇಮೇಲ್ ಖಾತೆ ಮಾಡಿ. ಕ್ಯಾಮೆರಾ ಆ್ಯಪ್‌ಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. 2016ರಲ್ಲಿ ಮಿರಾಯ್ ಎಂಬ ವೈರಸ್ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ಹಿಡಿಯಿತು. ಅದಕ್ಕೆ ಬೇಕಾಗಿದ್ದು ಕಂಪನಿಯವರು ಮೊದಲೇ ಹಾಕಿಟ್ಟ ಸುಮಾರು 60 ಪಾಸ್‌ವರ್ಡುಗಳ ಪಟ್ಟಿ ಮಾತ್ರ. ಆಮೇಲೆ ಸಿಸಿಟಿವಿ ಕೊಂಡರೂ ಅದರ ಮೂಲ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಇನ್ನೆರಡು ಮಾತು. ಸದಾ ಚಾರ್ಜಿನಲ್ಲಿ, ಬಿಸಿಲಿನಲ್ಲಿ ಇರುವ ಹಳೇ ಬ್ಯಾಟರಿ ಊದಿಕೊಳ್ಳುತ್ತದೆ. ಹಿಂಬದಿ ಉಬ್ಬಿದ್ದು ಕಂಡರೆ ತಕ್ಷಣ ತೆಗೆಯಿರಿ. ಒಣ ಅಡಿಕೆ ಪಕ್ಕದಲ್ಲಿ ಬೆಂಕಿಯ ಕಿಡಿ ಬೇಡ. ಮತ್ತೆ, ಕ್ಯಾಮೆರಾ ಅಂಗಳವನ್ನಷ್ಟೇ ನೋಡಲಿ. ಸುಲಿಯಲು ಬಂದ ಹೆಂಗಸರು ಕೂರುವ ಜಾಗ, ಪಕ್ಕದ ಮನೆಯ ಬಾಗಿಲು ಅದರಲ್ಲಿ ಬರಬಾರದು.

ನಿಮ್ಮ ಮನೆಯ ಚರ್ಚೆಯಲ್ಲಿ ಬಾರದ ಒಂದು ವಿಷಯ ಇದೆ. ಅಪ್ಪನ ದುಡ್ಡು ಹೋಗುವುದಾದರೆ ಆ ದಾರಿಯಲ್ಲೇ ಹೋಗುವ ಸಂಭವ ಜಾಸ್ತಿ. ಅದು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲು, ಅಂದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲು. ಮದುವೆ ಕರೆಯೋಲೆ ಎಂದು ಬರುತ್ತದೆ, ಟ್ರಾಫಿಕ್ ದಂಡದ ಚಲನ್ ಎಂದು ಬರುತ್ತದೆ, ಪಿಎಂ ಕಿಸಾನ್ ಕಂತು ಎಂದು ಬರುತ್ತದೆ. ಕಳಿಸಿದವರು ಪರಿಚಯದವರೇ ಆಗಿರುತ್ತಾರೆ. ಅವರ ಫೋನು ಮೊದಲೇ ಹಾಳಾಗಿ, ಅವರಿಗೆ ಗೊತ್ತಿಲ್ಲದೆ ಎಲ್ಲರಿಗೂ ಹೋಗಿರುತ್ತದೆ. ಒತ್ತಿದರೆ ಆ್ಯಪ್ ಒಂದು ಕೂರುತ್ತದೆ, ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ಬರುವ ಒಟಿಪಿಗಳೆಲ್ಲ ಕಳ್ಳನಿಗೆ ಹೋಗುತ್ತವೆ. ನನ್ನ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರು ಹೀಗೆ ಚಲನ್ ಎಂದು ಒತ್ತಿದರು. ತಮ್ಮ ಸ್ಕೂಟರಿಗೆ ದಂಡ ಬಿದ್ದಿದೆಯೇನೋ ಎಂಬ ಆತಂಕ ಅವರಿಗೆ. ಮರುದಿನ ಬೆಳಗಿನೊಳಗೆ ಹತ್ತಿರ ಹತ್ತಿರ ಎರಡು ಲಕ್ಷ ಹೋಗಿತ್ತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ. "ನಾನು ಯಾರ ಹತ್ರಾನೂ ಮಾತೇ ಆಡಿಲ್ವಲ್ಲಪ್ಪಾ" ಎಂದು ಮತ್ತೆ ಮತ್ತೆ ಕೇಳಿದರು. ಆ ದನಿ ನನಗೆ ಇನ್ನೂ ನೆನಪಿದೆ. ಒಟಿಪಿ ಹೇಳಬೇಡಿ ಎಂದು ನಾವು ಊರೆಲ್ಲ ಸಾರಿದ್ದೇವೆ. ಹೇಳದೆಯೂ ಹೋಗಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮದುವೆ ಕರೆಯೋಲೆ ಫೋಟೊ ಆಗಿ ಬರಬೇಕು, ಇಲ್ಲವೇ ಪಿಡಿಎಫ್ ಆಗಿ. ಎಪಿಕೆ ಎಂದು ಕೊನೆಯಾಗುವ ಯಾವುದನ್ನೂ, ಸ್ವಂತ ಮಗ ಕಳಿಸಿದ್ದರೂ, ಒತ್ತಬಾರದು. ಸೆಟ್ಟಿಂಗ್ಸಿನಲ್ಲಿ ವಾಟ್ಸ್ಆ್ಯಪ್‌ಗೆ ಮತ್ತು ಬ್ರೌಸರಿಗೆ ಹೊರಗಿನ ಆ್ಯಪ್ ಕೂರಿಸುವ ಅನುಮತಿ ಇದ್ದರೆ ತೆಗೆದುಬಿಡಿ.

ಅಕಸ್ಮಾತ್ ಒತ್ತಿಬಿಟ್ಟರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆರಿಸಿ. ಬೇರೆಯವರ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಿಸಿ, ಕೆಟ್ಟ ಫೋನಿನಿಂದ ಬೇಡ. ಕಳ್ಳ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾನೆ. ದಾಟುವ ಮೊದಲೇ ತಡೆಯಲು 1930ರವರಿಗೆ ಸಿಗುವುದು ಕೆಲವು ಗಂಟೆಗಳಷ್ಟೆ. ನಾಚಿಕೆಯಿಂದ, ಮಕ್ಕಳು ಬಯ್ಯುತ್ತಾರೆ ಎಂಬ ಭಯದಿಂದ ಹಿರಿಯರು ಎರಡು ದಿನ ಸುಮ್ಮನಿರುತ್ತಾರೆ. ಅಷ್ಟರಲ್ಲಿ ದುಡ್ಡು ಎಲ್ಲಿಗೋ ಹೋಗಿರುತ್ತದೆ. ಆರ್‌ಬಿಐನ 2017ರ ಆ ಸುತ್ತೋಲೆಯಲ್ಲೇ ಇನ್ನೊಂದು ಮಾತಿದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ. ಅಪ್ಪ ಒತ್ತಿಬಿಟ್ಟರೂ ಮೊದಲು ನಿಮಗೇ ಹೇಳುವಷ್ಟು ಸಲಿಗೆ ಇರಲಿ. ಇದನ್ನು ಅಣ್ಣನಿಗೂ ತಿಳಿಸಿ, ಮುಂದಿನ ಹಬ್ಬಕ್ಕೆ ಬಂದಾಗ ಬಯ್ಗುಳ ಸ್ವಲ್ಪ ಕಡಿಮೆ ಆಗಲಿ.

ಪುಸ್ತಕ ಬೀರುವಿನಲ್ಲೇ ಇರಲಿ. ಅದರ ಮೊದಲ ಪುಟದಲ್ಲಿ, ಅಪ್ಪನಿಗೆ ಕನ್ನಡಕ ಇಲ್ಲದೆಯೂ ಕಾಣುವಷ್ಟು ದೊಡ್ಡದಾಗಿ 1930 ಎಂದು ಬರೆಯಿರಿ. ಕೆಳಗೆ ಬ್ಯಾಂಕಿನ ಕಾರ್ಡಿನ ಹಿಂದೆ ಅಚ್ಚಾಗಿರುವ ಫೋನ್ ನಂಬರ್ ಬರೆಯಿರಿ.